ಬ್ಲ್ಯಾಕ್ ಬೆಲ್ಟ್ ಇದ್ದವರು ಮತ್ತೆ ಬಿಳಿ ಬೆಲ್ಟ್ ಕಟ್ಟಿದರೆ ಹಳೆಯದು ಕೆಡುತ್ತದೆಯೇ?

ಪ್ರಶ್ನೆ: ನನಗೆ 36 ವರ್ಷ, ತೂಕ 54 ಕೆಜಿ. ಚಿಕ್ಕವಳಿದ್ದಾಗಿನಿಂದ ಶೊಟೊಕಾನ್ ಕರಾಟೆ ಕಲಿತು ಬ್ಲ್ಯಾಕ್ ಬೆಲ್ಟ್ ತೆಗೆದುಕೊಂಡೆ. ಆಮೇಲೆ ಮೂರು ವರ್ಷ ಟೇಕ್ವಾಂಡೊ. ಅಲ್ಲಿ ಎಡಮಂಡಿ ತಿರುಚಿ ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆಯಂಥ ಮೃದ್ವಸ್ಥಿ) ಸ್ವಲ್ಪ ಹರಿಯಿತು. ಆಪರೇಷನ್ ಬೇಡ ಎಂದರು, ಫಿಸಿಯೊಥೆರಪಿಯಲ್ಲೇ ಸರಿಹೋಯಿತು. ನಡುವೆ ಕೆಲವು ವರ್ಷ ಎಲ್ಲ ನಿಂತಿತ್ತು. ಹೋದ ವರ್ಷ ಕಿಕ್‌ಬಾಕ್ಸಿಂಗ್ ಸೇರಿದೆ. ಪಂಚ್ ಮಾಡಿದ ತಕ್ಷಣ ನನ್ನ ಕೈ ತಾನಾಗಿಯೇ ಸೊಂಟಕ್ಕೆ ಹೋಗುತ್ತದೆ, ಕೋಚ್ ಹೇಳಿ ಹೇಳಿ ಸುಸ್ತಾದರು. ಈಗ ಜೂಡೊ ಅಥವಾ ಬ್ರೆಜಿಲಿಯನ್ ಜಿಯು-ಜಿತ್ಸು ಕಲಿಯುವ ಆಸೆ. ಜಿಯು-ಜಿತ್ಸುವಿನ ಒಂದು ಟ್ರಯಲ್ ಕ್ಲಾಸಿಗೂ ಹೋಗಿದ್ದೆ. ಕಲಿತು ಒಂದು ವರ್ಷವಷ್ಟೇ ಆಗಿರುವ, ನನಗಿಂತ ಸಣ್ಣ ಹುಡುಗಿ ಒಂದೇ ರೌಂಡಿನಲ್ಲಿ ನನ್ನಿಂದ ನಾಲ್ಕು ಸಲ ಟ್ಯಾಪ್ ಮಾಡಿಸಿದಳು, ಅಂದರೆ ಸೋತೆ ಎಂದು ಕೈ ತಟ್ಟಿಸಿದಳು. ಕೈ ನೆಟ್ಟಗೆ ಮಾಡಿ ತಳ್ಳಿದಷ್ಟೂ ಸಿಕ್ಕಿಬಿದ್ದೆ. ನನ್ನ ಕರಾಟೆ ಗುರುಗಳು, "ಹೀಗೆ ಒಂದರಿಂದ ಇನ್ನೊಂದಕ್ಕೆ ಹಾರಿದರೆ ಹಳೆಯದೂ ಕೆಡುತ್ತೆ, ಹೊಸದೂ ಬರಲ್ಲ" ಎನ್ನುತ್ತಾರೆ. ಗೆಳತಿ ಹೇಳುವುದೇ ಬೇರೆ: "ನೀನು ಬ್ಲ್ಯಾಕ್ ಬೆಲ್ಟ್, ಆರು ತಿಂಗಳಲ್ಲಿ ಎಲ್ಲರನ್ನೂ ಮೀರಿಸ್ತೀಯ." ಯಾರ ಮಾತು ನಿಜ? ನನ್ನ ಮಂಡಿಗೆ ಯಾವುದು ವಾಸಿ? ಕರಾಟೆ ಪೂರ್ತಿ ಬಿಟ್ಟುಬಿಡಬೇಕೇ?

ಉತ್ತರ: ನೀವು ಕೇಳಿರುವುದು ಮೂರು ಪ್ರಶ್ನೆ. ಕೇಳದೆ ಬಿಟ್ಟಿರುವುದು ಇನ್ನೊಂದಿದೆ: ಇಷ್ಟು ವರ್ಷ ಬೆವರು ಸುರಿಸಿದ್ದು ಸುಮ್ನೆ ಹೋಯಿತಾ ಅಂತ. ಆ ನಾಲ್ಕು ಟ್ಯಾಪ್‌ಗಳು ಕುಟುಕಿರುವುದು ಅಲ್ಲೇ ಅಲ್ವಾ? ಹೋಗಿಲ್ಲ. ಆದರೆ ನಿಮ್ಮ ಗೆಳತಿ ಹೇಳಿದ ಹಾಗೂ ಆಗುವುದಿಲ್ಲ. ಕರಾಟೆ, ಬಾಕ್ಸಿಂಗ್, ಟೇಕ್ವಾಂಡೊ ಮಾಡಿ ಬಂದ ಅನೇಕರಿಗೆ ನಾನು ಜೂಡೊ, ಜಿಯು-ಜಿತ್ಸುವಿನಂಥ ಹಿಡಿತದ ಕಲೆಗಳನ್ನು ಹೇಳಿಕೊಟ್ಟಿದ್ದೇನೆ. ನಾನು ನೋಡಿದ ಮಟ್ಟಿಗೆ, ಏನೂ ಗೊತ್ತಿಲ್ಲದೆ ಬಂದವರಿಗಿಂತ ನಿಮ್ಮಂಥವರೇ ಮೊದಲ ಆರು ತಿಂಗಳಲ್ಲಿ ಜಾಸ್ತಿ ಪೆಟ್ಟು ಮಾಡಿಕೊಳ್ಳುತ್ತಾರೆ. ಯಾಕೆ ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಗುರುಗಳ ಮಾತು.

ಅದರಲ್ಲಿ ಅರ್ಧ ಸತ್ಯ ಇದೆ. ಒಂದು ಕಲೆ ಕಲಿತವರು ಇನ್ನೊಂದನ್ನು ಮುಟ್ಟಬಾರದು ಅನ್ನುವ ಭಾಗ ನಿಲ್ಲುವುದಿಲ್ಲ. ಜೂಡೊ ಹುಟ್ಟಿದ್ದೇ ಹೀಗೆ. ಜಿಗೊರೊ ಕಾನೊ ಜಪಾನಿನ ಜುಜುತ್ಸುವಿನ ಒಂದು ಪಂಥದಲ್ಲಿ ಕಲಿತರು, ಅಲ್ಲಿಂದ ಇನ್ನೊಂದಕ್ಕೆ ಹೋದರು, ಎರಡರಿಂದಲೂ ಬೇಕಾದ್ದನ್ನು ಆರಿಸಿಕೊಂಡು 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ಎಂಬ ಜೂಡೊ ಶಾಲೆ ಶುರು ಮಾಡಿದರು. ನೀವು ಕಟ್ಟಿಕೊಂಡ ಬ್ಲ್ಯಾಕ್ ಬೆಲ್ಟ್ ಕೂಡ ಮೂಲದಲ್ಲಿ ಕರಾಟೆಯದಲ್ಲ. ಕಾನೊ ಅವರ ಡಾನ್ (ಬ್ಲ್ಯಾಕ್ ಬೆಲ್ಟಿನ ದರ್ಜೆ) ಪದ್ಧತಿಯನ್ನೇ ಶೊಟೊಕಾನ್ ಕರಾಟೆಯ ಮೂಲಪುರುಷ ಗಿಚಿನ್ ಫುನಾಕೊಶಿ ತೆಗೆದುಕೊಂಡು 1924ರಲ್ಲಿ ತಮ್ಮ ಶಿಷ್ಯರಿಗೆ ಕೊಟ್ಟರು. ಕೊಡೊಕಾನ್‌ನಲ್ಲಿ ತಯಾರಾದ ಮಿತ್ಸುಯೊ ಮಯೇಡಾ 1914ರಲ್ಲಿ ಬ್ರೆಜಿಲ್‌ಗೆ ಹೋದರು. ಅಲ್ಲಿ ಅವರು ಕಲಿಸಿದ್ದೇ ಮುಂದೆ ಬೆಳೆದು ಈಗ ನೀವು ಕಲಿಯಬೇಕೆಂದಿರುವ ಜಿಯು-ಜಿತ್ಸು ಆಯಿತು. ಗುರುಗಳ ಗುರುಗಳೆಲ್ಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದವರೇ.

ನಿಜ ಇರುವ ಅರ್ಧ ಯಾವುದೆಂದರೆ, ಹಳೆಯ ಅಭ್ಯಾಸ ಹೊಸದಕ್ಕೆ ಅಡ್ಡ ಬರುವುದು. ಜನ ಸಾಮಾನ್ಯವಾಗಿ ಅಂದುಕೊಳ್ಳುವುದು, ಕಲೆ ದೂರದ್ದಾದಷ್ಟೂ ಕಷ್ಟ ಅಂತ. ಅಡ್ಡ ಬರುವ ವಿಷಯಕ್ಕೆ ಬಂದರೆ ಇದು ತಿರುವುಮುರುವು. ಹತ್ತಿರದ ಕಲೆಗಳೇ ಒಂದಕ್ಕೊಂದು ತೊಡಕು ಮಾಡುತ್ತವೆ.

ಸುತ್ತು ಒದೆತವನ್ನೇ ನೋಡಿ. ಶೊಟೊಕಾನ್‌ನಲ್ಲಿ ಮೊದಲು ಮಂಡಿ ಎತ್ತುತ್ತೀರಿ, ಕಾಲು ಮಡಚಿಯೇ ಇರುತ್ತದೆ, ಮಂಡಿಯಿಂದ ಚಿಮ್ಮಿಸಿ ಹೊಡೆದು ಅಷ್ಟೇ ಬೇಗ ವಾಪಸ್ ಮಡಚುತ್ತೀರಿ. ತಾಗುವುದು ಪಾದದ ಮುಂಭಾಗ ಅಥವಾ ಮೇಲ್ಭಾಗ. ಥಾಯ್ಲೆಂಡಿನ ಹೊಡೆತದ ಕಲೆಯಾದ ಮುಯ್ ಥಾಯ್‌ನಲ್ಲಿ ನಿಂತ ಕಾಲಿನ ಹಿಮ್ಮಡಿ ಪೂರ್ತಿ ತಿರುಗಿ ಎದುರಾಳಿಯ ಕಡೆ ನೋಡುತ್ತದೆ, ಸೊಂಟ ಇಡೀ ಕಾಲನ್ನು ಬೀಸುತ್ತದೆ, ತಾಗುವುದು ಮಂಡಿಯ ಕೆಳಗಿನ ಮುಂಭಾಗದ ಮೂಳೆ. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ. ಕಾಲಿಗೂ ಒಂದೇ ಅನ್ನಿಸುತ್ತದೆ, ತೊಂದರೆ ಇರುವುದೇ ಅಲ್ಲಿ. ಅದೇ ಗುರಿ, ಅದೇ ಕ್ಷಣ, ಹಾಗಾಗಿ ದೇಹ ಹಳೆಯ ದಾರಿ ಹಿಡಿಯುತ್ತದೆ. ಕರಾಟೆಯಿಂದ ಮುಯ್ ಥಾಯ್‌ಗೆ ಹೋದವರು ತಿಂಗಳುಗಟ್ಟಲೆ ಅತ್ತ ಅದೂ ಅಲ್ಲದ ಇತ್ತ ಇದೂ ಅಲ್ಲದ ಒಂದು ಒದೆತ ಒದೆಯುತ್ತಾರೆ.

ನಿಮ್ಮ ಕೈ ಸೊಂಟಕ್ಕೆ ಹೋಗುವುದೂ ಇದೇ ಕತೆ. ಕರಾಟೆಯಲ್ಲಿ ಒಂದು ಕೈ ಮುಂದೆ ಹೋದರೆ ಇನ್ನೊಂದು ಕೈಯನ್ನು ಸೊಂಟಕ್ಕೆ ಎಳೆಯಬೇಕು ಅಂತ ಸಾವಿರಾರು ಸಲ ಮಾಡಿದ್ದೀರಿ. ಕಿಕ್‌ಬಾಕ್ಸಿಂಗ್‌ನಲ್ಲಿ ಆ ಕೈ ಗದ್ದದ ಪಕ್ಕ ಇರಬೇಕು. ಪಂಚ್ ಎರಡರಲ್ಲೂ ಪಂಚೇ, ಹಾಗಾಗಿ ಹಳೆಯ ಕೈಯೇ ಎದ್ದು ಬರುತ್ತದೆ. ಸುಸ್ತಾದಾಗ, ಗಾಬರಿಯಾದಾಗ ಇನ್ನೂ ಜಾಸ್ತಿ.

ಜೂಡೊ, ಜಿಯು-ಜಿತ್ಸುವಿನಲ್ಲಿ ಈ ಗೊಂದಲ ಕಮ್ಮಿ. ಎದುರಾಳಿಯ ಕಾಲರ್ ಹಿಡಿದು ಕೆಳಗೆ ಉರುಳಾಡುವಾಗ ಕರಾಟೆಯ ಪಂಚ್ ಬರಲು ಜಾಗವೇ ಇಲ್ಲ. ಬದಲಿಗೆ ಕೆಲವೇ ಕೆಲವು ಅಭ್ಯಾಸಗಳು ಕಾಡುತ್ತವೆ. ಅವು ಯಾವುವು ಅಂತ ಗೊತ್ತಿದ್ದರೆ ತಿದ್ದುವುದು ಸುಲಭ.

ನಿಮ್ಮ ಟ್ರಯಲ್ ಕ್ಲಾಸಿಗೆ ಬರೋಣ. ನೀವು ಬರೆದ ಆ ಒಂದು ಸಾಲಿನಿಂದ ನಡೆದದ್ದನ್ನು ಹೆಚ್ಚುಕಮ್ಮಿ ಊಹಿಸಬಲ್ಲೆ. ಆ ಹುಡುಗಿ ನಿಮ್ಮ ಎದೆಯ ಮೇಲೆ ಕೂತಿದ್ದಾಳೆ. ನೀವು ಹೊಡೆಯುವ ಕಲೆಯವರು, ನಿಮಗೆ ಅಂತರ ಬೇಕು. ಎರಡೂ ಕೈ ನೆಟ್ಟಗೆ ಮಾಡಿ ಅವಳನ್ನು ತಳ್ಳುತ್ತೀರಿ. ತಳ್ಳಿದ ಕೂಡಲೇ ಮೊಣಕೈ ಪಕ್ಕೆಯಿಂದ ಬಿಡುತ್ತದೆ. ಅವಳಿಗೆ ಬೇಕಾಗಿದ್ದೂ ಅದೇ. ಒಂದು ಕೈಯನ್ನು ಎದೆಗೆ ಅಪ್ಪಿಕೊಂಡು, ಒಂದು ಕಾಲನ್ನು ನಿಮ್ಮ ಮುಖದ ಮೇಲಿಂದ ದಾಟಿಸಿ, ಹಿಂದಕ್ಕೆ ಒರಗುತ್ತಾಳೆ. ಮೊಣಕೈ ಉಲ್ಟಾ ಬಾಗತೊಡಗುತ್ತದೆ, ಟ್ಯಾಪ್. ಮುಂದಿನ ಸಲ ಕೈ ಕೊಡಬಾರದು ಅಂತ ಪಕ್ಕಕ್ಕೆ ಹೊರಳಿ, ಮಗುಚಿ ಏಳಲು ನೋಡುತ್ತೀರಿ. ಬೆನ್ನು ಅವಳಿಗೆ ಸಿಗುತ್ತದೆ, ಕತ್ತಿನ ಸುತ್ತ ತೋಳು ಬರುತ್ತದೆ. ಮತ್ತೆ ಟ್ಯಾಪ್. ಉಳಿದೆರಡೂ ಇವೇ ಆಗಿದ್ದಿರಬಹುದು.

ಇಲ್ಲಿ ಅವಳು ನಿಮಗಿಂತ ಬಲಶಾಲಿ ಅಂತೇನಿಲ್ಲ. ನಿಮ್ಮ ಪ್ರತಿಕ್ರಿಯೆ ಎರಡೇ ಇದ್ದವು, ಎರಡಕ್ಕೂ ಉತ್ತರ ಅವಳ ಮೊದಲ ವರ್ಷದ ಪಾಠದಲ್ಲೇ ಇದೆ. ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಳ್ಳುವುದು, ಅವಳ ಒಂದು ಕೈ ಮತ್ತು ಅದೇ ಬದಿಯ ಕಾಲನ್ನು ಕಟ್ಟಿಹಾಕಿ ಸೊಂಟ ಎತ್ತಿ ಉರುಳಿಸುವುದು, ಇವೆರಡನ್ನು ಕಲಿತರೆ ಮುಂದಿನ ರೌಂಡು ಬೇರೆಯೇ ಆಗಿರುತ್ತದೆ.

ಇನ್ನೆರಡು ಅಭ್ಯಾಸಗಳ ಮೇಲೂ ಕಣ್ಣಿಡಿ. ಕರಾಟೆಯವರು ಏಟಿನ ಕೊನೆಯಲ್ಲಿ ಇಡೀ ಮೈ ಬಿಗಿ ಮಾಡುತ್ತಾರೆ. ಹಿಡಿತದ ಕಲೆಯಲ್ಲಿ ಆ ಬಿಗಿ ಐದು ನಿಮಿಷದ ರೌಂಡು ಪೂರ್ತಿ ಉಳಿದುಬಿಡುತ್ತದೆ, ಉಸಿರು ಕಟ್ಟುತ್ತದೆ, ಎರಡನೇ ನಿಮಿಷಕ್ಕೇ ಮುಂಗೈ ಕಲ್ಲಾಗಿರುತ್ತದೆ. ಇನ್ನೊಂದು, ಮುಂದಿನ ಕಾಲಿನ ಮೇಲೆ ಭಾರ ಹಾಕಿ ಉದ್ದ ನಿಲುವಿನಲ್ಲಿ ನಿಲ್ಲುವುದು. ಜೂಡೊದವರು ಆ ಕಾಲನ್ನು ಗುಡಿಸಿ ಹಾಕುತ್ತಾರೆ. ತಮಾಷೆ ಎಂದರೆ ಕಾಲು ಗುಡಿಸುವುದು ಶೊಟೊಕಾನ್‌ನಲ್ಲೂ ಇದೆ. ನೀವು ಮಾಡಿಯೂ ಇರುತ್ತೀರಿ.

ಹಾಗಾದರೆ ಜೊತೆಗೆ ಬರುವುದೇನು? ಬಹಳ ಇದೆ. ಎದುರಾಳಿ ಹೆಜ್ಜೆ ಎತ್ತುವ ಮೊದಲೇ ಅವರ ಹೆಗಲು ನೋಡಿ ತಿಳಿಯುವ ಕಣ್ಣು. ಮುಖದ ಹತ್ತಿರ ಏನಾದರೂ ಬಂದರೆ ಕಣ್ಣು ಮುಚ್ಚದಿರುವುದು. ಸೊಂಟದಿಂದ ಬಲ ತರುವುದು, ಇದಂತೂ ಜೂಡೊದ ಎಸೆತಗಳಿಗೆ ನೇರ ಉಪಯೋಗ. ಟೇಕ್ವಾಂಡೊ ಕೊಟ್ಟ ಒಂಟಿಕಾಲಿನ ಸಮತೋಲನ ಉಚಿ-ಮಾಟಾ ಥರದ, ಒಂದೇ ಕಾಲಿನ ಮೇಲೆ ನಿಂತು ಎಸೆಯುವ ಪಟ್ಟುಗಳಲ್ಲಿ ಕೈ ಹಿಡಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ಒಂದೇ ಚಲನೆಯನ್ನು ಬೇಸರವಿಲ್ಲದೆ ನೂರು ಸಲ ಮಾಡುವ ತಾಳ್ಮೆ ನಿಮಗೆ ಆಗಲೇ ಇದೆ. ಹೊಸಬರಲ್ಲಿ ಅನೇಕರು ಬಿಟ್ಟುಹೋಗುವುದು ಅದಿಲ್ಲದೆ.

ದೊಡ್ಡವರ ಉದಾಹರಣೆ ಬೇಕಿದ್ದರೆ ಜಾರ್ಜ್ ಸೇಂಟ್ ಪಿಯೆರ್ ಇದ್ದಾರೆ. ಬಾಲ್ಯದಲ್ಲಿ ಕಲಿತದ್ದು ಕ್ಯೊಕುಶಿನ್ ಕರಾಟೆ. ಹೊಡೆತ, ಹಿಡಿತ ಎರಡೂ ಇರುವ ಮಿಶ್ರ ಸಮರಕಲೆಯ ಸ್ಪರ್ಧೆಯಾದ ಯುಎಫ್‌ಸಿಯಲ್ಲಿ ಹೆಸರು ಮಾಡಿದ್ದು ಎದುರಾಳಿಯನ್ನು ನೆಲಕ್ಕೆ ಕೆಡವುವುದರಲ್ಲಿ. ಅವರು ದೂರದಿಂದ ಒಮ್ಮೆಲೇ ಒಳನುಗ್ಗುವ ಹೆಜ್ಜೆ ನೋಡಿದರೆ ಕರಾಟೆಯವರಿಗೆ ಗುರುತು ಸಿಗುತ್ತದೆ. ಲಿಯೊಟೊ ಮಚೀಡಾ ನಿಮ್ಮ ಶೊಟೊಕಾನ್‌ನವರೇ, 2009ರಲ್ಲಿ ಯುಎಫ್‌ಸಿ ಚಾಂಪಿಯನ್ ಆದರು. ಅವರ ಬಳಿ ಜಿಯು-ಜಿತ್ಸು ಬ್ಲ್ಯಾಕ್ ಬೆಲ್ಟೂ ಇದೆ. ಆದರೆ ಅದು ಅವರ ಹೊಟ್ಟೆಪಾಡಿನ ಕಸುಬು. ವಾರಕ್ಕೆ ಎರಡು ಸಂಜೆ ಬಿಡುವು ಮಾಡಿಕೊಳ್ಳುವವರು ಅವರನ್ನು ನೋಡಿ ಖುಷಿಪಡಬಹುದು, ಅಳತೆಗೋಲು ಮಾಡಿಕೊಳ್ಳಬಾರದು.

ಈಗ ಪೆಟ್ಟಿನ ವಿಷಯ. ಅನುಭವ ಇದ್ದವರಿಗೇ ಯಾಕೆ ಜಾಸ್ತಿ?

ಒಂದು, ನಿಮಗೆ ವೇಗ ಇದೆ, ಬೀಳುವುದು ಬರುವುದಿಲ್ಲ. ಏನೂ ಗೊತ್ತಿಲ್ಲದವರು ನಿಧಾನ ಬೀಳುತ್ತಾರೆ. ನೀವು ಬೀಳಲು ಒಪ್ಪುವುದಿಲ್ಲ. ಕೊನೆಯ ಕ್ಷಣದವರೆಗೆ ನಿಂತು, ತಿರುಚಿ, ನೆಲಕ್ಕೆ ಕೈ ಊರುತ್ತೀರಿ. ಮಣಿಕಟ್ಟು, ಮೊಣಕೈ ಮುರಿಯುವುದು ಹೆಚ್ಚಾಗಿ ಹೀಗೆ ಕೈ ಊರಿದಾಗ. ಜೂಡೊದಲ್ಲಿ ಉಕೆಮಿ ಅಂತ ಬೀಳುವುದನ್ನೇ ಮೊದಲು ಕಲಿಸುತ್ತಾರೆ. ಗದ್ದ ಎದೆಗೆ, ಕಣ್ಣು ಬೆಲ್ಟಿನ ಗಂಟಿನ ಕಡೆ, ತೋಳು ಮೈಯಿಂದ ಸ್ವಲ್ಪ ದೂರದಲ್ಲಿ ಮ್ಯಾಟಿಗೆ ಅಪ್ಪಳಿಸಬೇಕು. ಬ್ಲ್ಯಾಕ್ ಬೆಲ್ಟ್ ಇದ್ದವರಿಗೆ ಇದು ಮಕ್ಕಳಾಟ ಅನ್ನಿಸಿ ಎರಡು ಕ್ಲಾಸಿಗೇ ಬೇಜಾರಾಗುತ್ತದೆ. ದಯವಿಟ್ಟು ಆಗಗೊಡಬೇಡಿ.

ಎರಡು, ಸ್ನಾಯು ಕೆಲವೇ ವಾರಗಳಲ್ಲಿ ಹೊಸ ಕೆಲಸಕ್ಕೆ ಒಗ್ಗುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್, ಮೂಳೆಯನ್ನು ಮೂಳೆಗೆ ಕಟ್ಟುವ ಲಿಗಮೆಂಟ್‌ಗಳಿಗೆ ತಿಂಗಳುಗಳು ಬೇಕು. ಮೂರನೇ ತಿಂಗಳಿಗೆ "ಈಗ ಎಲ್ಲ ಬಂತು" ಅನ್ನಿಸುತ್ತದೆ. ಬೆರಳು, ಕತ್ತು, ಪಕ್ಕೆ ಇನ್ನೂ ತಯಾರಾಗಿರುವುದಿಲ್ಲ. ನನ್ನ ಹತ್ತಿರ ಬಂದವರಲ್ಲಿ ಪೆಟ್ಟು ಬಿದ್ದದ್ದು ಹೆಚ್ಚಾಗಿ ಮೂರರಿಂದ ಆರನೇ ತಿಂಗಳಲ್ಲಿ.

ಮೂರು, ಬೇರೆಯವರು ನಿಮ್ಮನ್ನು ನೋಡುವ ರೀತಿ. "ಇವರು ಬ್ಲ್ಯಾಕ್ ಬೆಲ್ಟಂತೆ" ಅಂತ ಸುದ್ದಿಯಾದರೆ ಹುಡುಗರು ಜೋರು ಮಾಡುತ್ತಾರೆ. ಹಾಗಂತ ಮುಚ್ಚಿಡಬೇಡಿ. ಕೋಚ್‌ಗೆ ಎಲ್ಲ ಹೇಳಿ, ಮಂಡಿಯ ವಿಷಯವನ್ನೂ ಹೇಳಿ. ಜೊತೆಗೆ ಆಡುವವರಿಗೆ "ನಾನು ಹೊಸಬಳು, ಎಡಮಂಡಿ ಹುಷಾರು" ಅಂದರೆ ಸಾಕು.

ಇನ್ನು ಟ್ಯಾಪ್. ಹೊಡೆಯುವ ಕಲೆಗಳಲ್ಲಿ ನೋವನ್ನು ತಡೆದುಕೊಳ್ಳುವುದು ಒಂದು ಗುಣ. ಇಲ್ಲಿ ಅದು ದುರ್ಗುಣ. ಕತ್ತಿನ ಎರಡೂ ಬದಿಯ ರಕ್ತನಾಳ ಒತ್ತುವ ಚೋಕ್ ಸರಿಯಾಗಿ ಕೂತರೆ ಸುಮಾರು ಹತ್ತು ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತದೆ, ನೋವೇ ಆಗದಿರಬಹುದು. ಹಿಮ್ಮಡಿ ಹಿಡಿದು ತಿರುಚುವ ಹೀಲ್ ಹುಕ್ ಇನ್ನೂ ಕೆಟ್ಟದ್ದು. ತಿರುಚುವುದು ಪಾದವನ್ನು, ಹರಿಯುವುದು ಮಂಡಿಯ ಲಿಗಮೆಂಟ್. ನೋವು ಗೊತ್ತಾಗುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಜಿಯು-ಜಿತ್ಸುವಿನ ಅಂತರರಾಷ್ಟ್ರೀಯ ಒಕ್ಕೂಟ ಐಬಿಜೆಜೆಎಫ್‌ನ ಸ್ಪರ್ಧೆಗಳಲ್ಲೂ ಇದಕ್ಕೆ ಅನುಮತಿ ಸಿಕ್ಕಿದ್ದು 2021ರಲ್ಲಿ, ಅದೂ ಗಿ (ಅಭ್ಯಾಸದ ಉಡುಪು) ಹಾಕದೆ ಆಡುವ ವಯಸ್ಕ ಬ್ರೌನ್, ಬ್ಲ್ಯಾಕ್ ಬೆಲ್ಟ್‌ಗಳಿಗೆ ಮಾತ್ರ. ನಿಮ್ಮ ಮಂಡಿ ಇಟ್ಟುಕೊಂಡು ಹೀಲ್ ಹುಕ್ ಬೇಡ ಅಂತ ಮೊದಲ ದಿನವೇ ಹೇಳಿಬಿಡಿ. ಯಾರೂ ತಪ್ಪು ತಿಳಿಯುವುದಿಲ್ಲ. ತಿಳಿದರೆ ಆ ಜಾಗ ನಿಮಗಲ್ಲ.

ಮಂಡಿಗೆ ಯಾವುದು ವಾಸಿ ಎಂದು ಕೇಳಿದ್ದೀರಿ. ಎರಡೂ ಮಂಡಿಗೆ ಒಳ್ಳೆಯವಲ್ಲ, ಅಪಾಯ ಬೇರೆ ಬೇರೆ ಕಡೆ ಇದೆ. ಜೂಡೊದಲ್ಲಿ ಅದು ಒಂದೇ ಕ್ಷಣದಲ್ಲಿ ಬರುತ್ತದೆ: ಪಾದ ಮ್ಯಾಟಿಗೆ ಕಚ್ಚಿಕೊಂಡಿರುತ್ತದೆ, ಮೈ ತಿರುಗುತ್ತದೆ, ಅಥವಾ ಎಸೆಯುವವರು ಪಕ್ಕದಿಂದ ನಿಮ್ಮ ಕಾಲಿನ ಮೇಲೆಯೇ ಕುಸಿಯುತ್ತಾರೆ. ತಾನಿ-ಒತೊಶಿ ಎಂಬ ಎಸೆತವನ್ನು ಅರೆಬರೆ ಕಲಿತವರು ಮಾಡಿದಾಗ ಹೀಗಾಗುವುದು ಜಾಸ್ತಿ. ಎರಡೂ ಕಾಲಿನಿಂದ ಕತ್ತರಿ ಹಾಕಿ ಬೀಳಿಸುವ ಕಾನಿ-ಬಸಾಮಿಯನ್ನಂತೂ ಕಾಲು ಮುರಿಯುತ್ತದೆಂದೇ ಸ್ಪರ್ಧೆಯಲ್ಲಿ ನಿಷೇಧಿಸಿದ್ದಾರೆ. ಜಿಯು-ಜಿತ್ಸುವಿನಲ್ಲಿ ಹೀಲ್ ಹುಕ್‌ನಂಥ ಕಾಲಿನ ಬೀಗಗಳನ್ನು ಬಿಟ್ಟರೆ ಅಪಾಯ ನಿಧಾನದ್ದು. ಪೂರ್ತಿ ಮಡಚಿದ ಮಂಡಿಯ ಮೇಲೆ ಕೂರುವುದು, ಮಡಚಿದ ಕಾಲು ಒಳಕ್ಕೆ ತಿರುಚಿ ಸಿಕ್ಕಿಹಾಕಿಕೊಳ್ಳುವುದು. ಹರಿದ ಮೆನಿಸ್ಕಸ್‌ಗೆ ಈ ಪೂರ್ತಿ ಮಡಚಿ ತಿರುಚುವುದೇ ಆಗಿಬರುವುದಿಲ್ಲ. ಆದರೆ ನಿಧಾನ ಬರುವ ಅಪಾಯವನ್ನು ನಿಲ್ಲಿಸಬಹುದು, "ಒಂದು ನಿಮಿಷ" ಅಂದು ಕಾಲು ಬಿಡಿಸಿಕೊಳ್ಳಬಹುದು.

ಹಾಗಾಗಿ ನಾನಾಗಿದ್ದರೆ ನಿಮ್ಮನ್ನು ಮೊದಲು ಜಿಯು-ಜಿತ್ಸುವಿಗೆ ಕಳಿಸುತ್ತಿದ್ದೆ. ಮಂಡಿಯೂರಿ ಅಥವಾ ಕೂತು ಶುರು ಮಾಡುವ ರೌಂಡುಗಳು, ನಿಂತು ಕೆಡವುವುದು ಆಮೇಲೆ. ಅದರ ಪಕ್ಕದಲ್ಲೇ ಉಕೆಮಿಯನ್ನು ಯಾರಿಂದಾದರೂ ಸರಿಯಾಗಿ ಕಲಿಯಿರಿ. ಆರೆಂಟು ತಿಂಗಳಾದ ಮೇಲೂ ಎಸೆತಗಳ ಆಸೆ ಇದ್ದರೆ ಜೂಡೊಗೆ ಹೋಗಿ. ಇದಕ್ಕೆ ವಿರುದ್ಧ ವಾದವೂ ಇದೆ. ಜೂಡೊ ಕೋಚ್‌ಗಳು ಹೊಸಬರನ್ನು ಹಂತಹಂತವಾಗಿ ತರುವುದರಲ್ಲಿ ಪಳಗಿದವರು. ಒಳ್ಳೆಯ ಜೂಡೊ ಕ್ಲಾಸು ಹತ್ತಿರದಲ್ಲಿದ್ದು, ಜಿಯು-ಜಿತ್ಸು ಕ್ಲಾಸಿನಲ್ಲಿ ಮೊದಲ ದಿನವೇ ಯಾರ ಜೊತೆಗೋ ರೌಂಡಿಗೆ ಬಿಡುವಂತಿದ್ದರೆ ಜೂಡೊ ಸೇರುವುದೇ ಸರಿ. ಕೋಚ್ ಹೇಗಿದ್ದಾರೆ ಅನ್ನುವುದು ಕಲೆ ಯಾವುದು ಅನ್ನುವುದಕ್ಕಿಂತ ದೊಡ್ಡದು.

ಏನೇ ಆದರೂ ಮೊದಲು ನಿಮ್ಮ ಫಿಸಿಯೊ ಹತ್ತಿರ ಹೋಗಿ. "ಜೂಡೊ ಮಾಡಬಹುದಾ?" ಅಂತ ಕೇಳಿದರೆ "ಬೇಡ" ಅಂದುಬಿಡುತ್ತಾರೆ. ಹೀಗೆ ಕೇಳಿ: ಪೂರ್ತಿ ಕುಕ್ಕರುಗಾಲಲ್ಲಿ ಕೂತು ಎದ್ದರೆ ಪರವಾಗಿಲ್ಲವೇ, ಎಡಗಾಲಲ್ಲಿ ಕುಪ್ಪಳಿಸಿದರೆ ಬಲಗಾಲಿನಷ್ಟೇ ಗಟ್ಟಿ ಇದೆಯೇ, ಮಡಚಿದ ಮಂಡಿಗೆ ತಿರುಚುವ ಒತ್ತಡ ಎಷ್ಟು ಕೊಡಬಹುದು. ಮಂಡಿ ಮಧ್ಯದಲ್ಲೇ ಸಿಕ್ಕಿಕೊಂಡು ಬಿಡಿಸಿಕೊಳ್ಳದಿದ್ದರೆ, ಆಡಿದ ಮರುದಿನ ಊದಿಕೊಂಡರೆ, ನಡೆಯುವಾಗ ಸೋತು ಕುಸಿದ ಹಾಗಾದರೆ, ಆಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ತೂಕ ಹೇಳಿದ್ದೀರಿ, ಅದರ ಬಗ್ಗೆ ಏನೂ ಕೇಳಿಲ್ಲ, ನಾನೇ ಹೇಳುತ್ತೇನೆ. ಜೂಡೊ ಸ್ಪರ್ಧೆಯಲ್ಲಿ ನೀವು 57 ಕೆಜಿ ವರ್ಗಕ್ಕೆ ಬರುತ್ತೀರಿ. ಕ್ಲಾಸಿನಲ್ಲಿ ಅಂಥ ವರ್ಗ ಇಲ್ಲ, 85 ಕೆಜಿಯ ಹೊಸ ಹುಡುಗ ಜೋಡಿಯಾಗಿ ಬರಬಹುದು. ಬಲ ಇದ್ದು ನಿಯಂತ್ರಣ ಇಲ್ಲದ ಹೊಸಬರೇ ನಿಮಗೆ ಎಲ್ಲರಿಗಿಂತ ಅಪಾಯ. ಭಾರದ ಜೊತೆಗಾರರಲ್ಲಿ ಅನುಭವಿಗಳನ್ನೇ ಆರಿಸಿಕೊಳ್ಳಿ. ಯಾವ ರೌಂಡಿಗಾದರೂ, ಯಾರಿಗಾದರೂ "ಇವತ್ತು ಬೇಡ" ಅನ್ನುವ ಹಕ್ಕು ನಿಮಗಿದೆ. ಕಾರಣ ಕೊಡಬೇಕಾಗಿಲ್ಲ. ಸೇರುವ ಮೊದಲು ಒಂದು ಕ್ಲಾಸು ಸುಮ್ನೆ ಕೂತು ನೋಡಿ. ಟ್ಯಾಪ್ ಆದ ಕೂಡಲೇ ಬಿಡುತ್ತಾರಾ, ಹೆಂಗಸರಿಗೆ ಜೋಡಿ ಹೇಗೆ ಹಾಕುತ್ತಾರೆ, ಮ್ಯಾಟ್ ದಿನಾ ಒರೆಸುತ್ತಾರಾ. ಮ್ಯಾಟಿನಿಂದ ಹುಳುಕಡ್ಡಿ ಹರಡುವುದು ಮಾಮೂಲಿ. ಕ್ಲಾಸು ಮುಗಿದ ಮೇಲೆ ಸ್ನಾನ, ಪ್ರತಿಸಲ ಒಗೆದ ಬಟ್ಟೆ.

ಬೆಲ್ಟ್ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಬಿಳಿ ಕಟ್ಟಿ. ಜಿಯು-ಜಿತ್ಸುವಿನಲ್ಲಿ ಬ್ಲ್ಯಾಕ್ ಬೆಲ್ಟಿಗೆ ಸುಮಾರು ಹತ್ತು ವರ್ಷ ಹಿಡಿಯುವುದು ಸಾಮಾನ್ಯ, ಕರಾಟೆಯ ದರ್ಜೆಗೆ ರಿಯಾಯಿತಿ ಇಲ್ಲ. ಕರಾಟೆಯಲ್ಲಿ ನಿಮ್ಮ ಡಾನ್ ನಿಮ್ಮದೇ. ಅದನ್ನು ಯಾರೂ ವಾಪಸ್ ಕೇಳುವುದಿಲ್ಲ.

ಕರಾಟೆ ಬಿಡಬೇಕೇ? ಬೇಡ. ಆದರೆ ಒಟ್ಟಿಗೆ ಮೂರು ದೋಣಿಯಲ್ಲಿ ಕಾಲಿಡಬೇಡಿ. ಮೊದಲ ಆರು ತಿಂಗಳು ವಾರಕ್ಕೆ ಎರಡು ಕ್ಲಾಸು ಹೊಸದು, ಬೇಕಿದ್ದರೆ ಒಂದು ದಿನ ಕರಾಟೆ, ಅದೂ ಕಟಾ (ಎದುರಾಳಿಯಿಲ್ಲದೆ ಒಬ್ಬರೇ ಮಾಡುವ ಚಲನೆಗಳ ಸರಣಿ) ಮತ್ತು ಹಗುರ ಅಭ್ಯಾಸ. ಕಿಕ್‌ಬಾಕ್ಸಿಂಗ್ ಸದ್ಯಕ್ಕೆ ನಿಲ್ಲಿಸಿ. ನಿಮಗೆ ಗೊಂದಲ ಮಾಡುತ್ತಿರುವುದೇ ಅದು, ಕರಾಟೆಗೆ ತೀರಾ ಹತ್ತಿರದ್ದು. ಪೂರ್ತಿ ಬಿಟ್ಟು ಹೊಸದಕ್ಕೇ ಮುಡಿಪಾದರೆ ಬೇಗ ಕಲಿಯುತ್ತೀರಿ ನಿಜ. ಆದರೆ ಆರು ತಿಂಗಳಾದ ಮೇಲೆ ಹಿಡಿಸದಿದ್ದರೆ ಎರಡೂ ಕಡೆ ಖಾಲಿ ಕೈ. ಹೊಡೆತ, ಎಸೆತ ಎರಡೂ ಒಂದೇ ಕಡೆ ಬೇಕು ಅನ್ನುವವರಿಗೆ ಕೂಡೊ ಇದೆ. ಕ್ಯೊಕುಶಿನ್‌ನಿಂದ ಬಂದ ತಕಾಶಿ ಅಜುಮಾ 1981ರಲ್ಲಿ ಸ್ಥಾಪಿಸಿದ ಶಾಲೆಯಲ್ಲಿ ಬೆಳೆದದ್ದು, ಮುಖಕ್ಕೆ ರಕ್ಷಣೆ ಹಾಕಿಕೊಂಡು ಆಡುತ್ತಾರೆ. ಕುತೂಹಲ ಹುಟ್ಟಿಸುವ ಕಲೆ. ಆದರೆ ಮಂಡಿಗೂ ತಲೆಗೂ ಒಟ್ಟಿಗೆ ಪೆಟ್ಟು, ಹಾಗಾಗಿ ನಿಮಗೆ ಸದ್ಯಕ್ಕೆ ಹೇಳುವುದಿಲ್ಲ.

ಗುರುಗಳಿಗೆ ನೀವೇ ಹೋಗಿ ಹೇಳಿ. ಬೇರೆಯವರ ಬಾಯಿಂದ ಕೇಳಿದರೆ ನೋವಾಗುತ್ತದೆ. "ಸರ್, ಕರಾಟೆ ಬಿಡುತ್ತಿಲ್ಲ, ಬೀಳುವುದು ಮತ್ತು ಹಿಡಿಯುವುದು ಕಲಿಯುತ್ತಿದ್ದೇನೆ" ಅಂದರೆ ಸಾಕು. ಅವರು ಅದಕ್ಕೂ ಒಪ್ಪದಿದ್ದರೆ ಆ ಆಕ್ಷೇಪಣೆ ನಿಮ್ಮ ಕಲಿಕೆಯ ಬಗ್ಗೆ ಅಲ್ಲ, ಶಾಲೆಯ ಬಗ್ಗೆ. ಗೌರವ ಇಟ್ಟುಕೊಂಡೇ ನಿಮ್ಮ ದಾರಿ ಹಿಡಿಯಬಹುದು.

ಸರಿಹೋಗುತ್ತಿದೆಯೇ ಅಂತ ತಿಳಿಯಲು ಟ್ಯಾಪ್ ಲೆಕ್ಕ ಹಾಕಬೇಡಿ. ಮೊದಲ ತಿಂಗಳಲ್ಲಿ ಕೆಳಗೆ ಸಿಕ್ಕಿಬಿದ್ದಾಗಲೂ ಉಸಿರಾಡುತ್ತಿದ್ದೀರಾ ನೋಡಿ. ಮೂರನೆಯದರಲ್ಲಿ ಮೊಣಕೈ ಹೇಳದೆಯೇ ಪಕ್ಕೆಗೆ ಬರುತ್ತದೆಯೇ ನೋಡಿ. ಆರನೆಯದರಲ್ಲಿ ನಿಮ್ಮ ಮಟ್ಟದವರ ಕೆಳಗಿಂದ ಒಮ್ಮೊಮ್ಮೆಯಾದರೂ ತಪ್ಪಿಸಿಕೊಳ್ಳುತ್ತಿದ್ದರೆ ಚೆನ್ನಾಗಿ ಹೋಗುತ್ತಿದೆ ಎಂದೇ ಅರ್ಥ.

ಕೊನೆಗೊಂದು ಚಿಕ್ಕ ವಿಷಯ. ಮನೆಯಲ್ಲಿರುವ ಕರಾಟೆ ಗಿ ಹಾಕಿಕೊಂಡು ಹೋಗಬೇಡಿ. ಅದರ ಬಟ್ಟೆ ತೆಳು. ಕಾಲರ್, ತೋಳು ಹಿಡಿದು ಎಳೆದರೆ ಒಂದೇ ಕ್ಲಾಸಿನಲ್ಲಿ ಹರಿಯಬಹುದು. ಜೂಡೊ ಅಥವಾ ಜಿಯು-ಜಿತ್ಸುವಿನ ದಪ್ಪ ಗಿ ಬೇಕು. ಮೊದಲ ಕೆಲವು ಕ್ಲಾಸಿಗೆ ಶಾಲೆಯಲ್ಲೇ ಎರವಲು ಸಿಗುತ್ತದೆಯೇ ಕೇಳಿ. ಕೈಕಾಲಿನ ಉಗುರು ಕತ್ತರಿಸಿಕೊಂಡು, ಉಂಗುರ, ಓಲೆ ತೆಗೆದಿಟ್ಟು ಹೋಗಿ.